ನೀವು ಕೇಳಿದಿರಿ: ಬಂಡೆಯೊಳಗಿನ ಎಣ್ಣೆ

ನೆಲದಡಿಯ ತೈಲ ಹುಡುಕಾಟದ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದಲೇ ಹೆಚ್ಚು ಪತ್ರಗಳು ಬಂದಿವೆ. ಕೆಲವರು ಬೋರ್‌ವೆಲ್ ನೀರಿನ ಚಿಂತೆಯಲ್ಲಿದ್ದಾರೆ, ಕೆಲವರು ಪರೀಕ್ಷೆಯ ಚಿಂತೆಯಲ್ಲಿ. ಸೈಸ್ಮಿಕ್ ಸಮೀಕ್ಷೆ (ನೆಲದೊಳಗೆ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವುದು) ಮತ್ತು ಬಾವಿ ಲಾಗ್‌ಗಳನ್ನು (ಬಾವಿಯೊಳಗೆ ಉಪಕರಣ ಇಳಿಸಿ ಆಳಆಳಕ್ಕೂ ತೆಗೆದ ಅಳತೆಗಳು) ಬಲ್ಲ ಇಬ್ಬರು ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಹೊಲದಾಗ ಹೊಸದಾಗಿ ಬೋರ್ ಹಾಕಿಸಿದ್ವಿ, 480 ಅಡಿ. ನೀರು ಬಂತು. ಆದರೆ ತೊಟ್ಟಿಯಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಟ್ಟತದ. ಕೆಳಗ ಪೆಟ್ರೋಲ್ ಅದ ಅಂತ ಊರವರು ಅಂತಾರ. ಒಬ್ಬರು ಮಷಿನ್ ತಂದು ‘ಸ್ಕ್ಯಾನ್’ ಮಾಡಿ ಹೇಳ್ತೀವಿ, ಹದಿನೈದು ಸಾವಿರ ಕೊಡ್ರಿ ಅನ್ನಾಕತ್ತಾರ. ಕೊಡಬಹುದೇನ್ರೀ? — ರೈತರು, ಕುಷ್ಟಗಿ ತಾಲ್ಲೂಕು

ಕೊಡಬೇಡಿ. ಮೊದಲು ಒಂದು ಕಡ್ಡಿ ತೆಗೆದುಕೊಂಡು ಆ ಪೊರೆಯನ್ನು ಕಲಕಿ ನೋಡಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ, ಆ ಚೂರುಗಳು ಮತ್ತೆ ಕೂಡದೆ ಹಾಗೇ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟಿದ ಪೊರೆ. ಪೈಪಿನ ಬಾಯಲ್ಲಿ ಕೆಂಪು ಲೋಳೆಯೂ ಕಾಣಬಹುದು, ವಾಸನೆ ಕೆಸರಿನದು. ಕಡ್ಡಿ ಎತ್ತಿದ ಕೂಡಲೇ ಸುತ್ತಿಕೊಂಡು ಬಂದು ಕೂಡಿದರೆ ಅದು ನಿಜವಾದ ಎಣ್ಣೆ. ಆದರೆ ಆ ಎಣ್ಣೆ ಮೇಲಿಂದಲೇ ಹೋದದ್ದು. ಬೋರ್ ಕೊರೆಯುವಾಗ ಬಂಡೆ ಒಡೆಯುವ ಹ್ಯಾಮರ್ ಸವೆಯದಿರಲಿ ಎಂದು ಕಂಪ್ರೆಸರ್ ಗಾಳಿಯ ಜೊತೆಗೇ ಎಣ್ಣೆ ಬಿಡುತ್ತಾರೆ. ಅದು ಬಿರುಕುಗಳಲ್ಲಿ ಅಂಟಿಕೊಂಡು ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ನೀರಿನೊಂದಿಗೆ ಬರುತ್ತಲೇ ಇರುತ್ತದೆ. ಎಣ್ಣೆ ತುಂಬಿದ ಮೋಟರಿನ ಸೀಲ್ ಹೋದರೂ ಇದೇ ಪೊರೆ.

ಬ್ಯಾಕ್ಟೀರಿಯಾ ಆಗಿದ್ದರೆ ಬ್ಲೀಚಿಂಗ್ ಪೌಡರ್ ಸಾಕು. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನೀರು ಹಿಡಿಯುತ್ತದೆ. 60 ಮೀಟರ್ ನೀರು ನಿಂತಿದ್ದರೆ ಸುಮಾರು 1,300 ಲೀಟರ್. ಅದಕ್ಕೆ ಹೊಸ ಪೌಡರ್ 450 ಗ್ರಾಂ ಬೇಕು. ಡಬ್ಬಿ ತೆರೆದು ಆರು ತಿಂಗಳಾದ ಪೌಡರಿನಲ್ಲಿ ಕ್ಲೋರಿನ್ ಹೆಚ್ಚು ಉಳಿದಿರುವುದಿಲ್ಲ. ಬಕೆಟ್‌ನಲ್ಲಿ ಕಲಸಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಬೋರಿಗೆ ಸುರಿಯಿರಿ. ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವ ತನಕ ನೀರನ್ನು ಹೊರಗೆ ಹರಿಸಿ. ಅಲ್ಲಿಯವರೆಗೆ ಆ ನೀರನ್ನು ಕುಡಿಯಬಾರದು, ದನಗಳಿಗೂ ಬೇಡ.

ಮಷಿನ್ ವಿಷಯ. ಕೈಯಲ್ಲಿ ಹಿಡಿದು ನಡೆದರೆ ಎಣ್ಣೆ ತೋರಿಸುವ ಯಂತ್ರವೆಂಬುದೇ ಇಲ್ಲ. ಇದ್ದಿದ್ದರೆ ತೈಲ ಕಂಪನಿಗಳು ನೆಲದ ಕಂಪನ ಹಿಡಿಯುವ ಸಾವಿರಾರು ಜಿಯೋಫೋನ್ ಹೂತು, ಕೋಟಿಗಟ್ಟಲೆ ಸುರಿದು ಸಮೀಕ್ಷೆ ಮಾಡುತ್ತಿರಲಿಲ್ಲ.

ವಿಯೆಟ್ನಾಮಿನಲ್ಲಿ ಗ್ರಾನೈಟ್ ಬಂಡೆಯಿಂದಲೇ ಎಣ್ಣೆ ತೆಗೆಯುತ್ತಾರೆಂದು ಓದಿದೆ. ನಮ್ಮ ಜಿಲ್ಲೆಯಲ್ಲಿ ಗ್ರಾನೈಟಿಗೇನು ಬರವೇ? — ಅಧ್ಯಾಪಕರು, ರಾಯಚೂರು

ಓದಿದ್ದು ನಿಜ. ಬಾಕ್ ಹೊ ಎಂಬ ಸಮುದ್ರ ಕ್ಷೇತ್ರದಲ್ಲಿ 1988ರಿಂದ ಗ್ರಾನೈಟಿನ ಬಿರುಕುಗಳಿಂದ ತೈಲ ಬರುತ್ತಿದೆ. ಆದರೆ ಆ ಗ್ರಾನೈಟ್ ಎಣ್ಣೆಯನ್ನು ಹುಟ್ಟಿಸಿದ್ದಲ್ಲ, ಹಿಡಿದಿಟ್ಟುಕೊಂಡದ್ದು. ಹೂತುಹೋದ ಗ್ರಾನೈಟ್ ಗುಡ್ಡದ ಮೇಲೂ ಪಕ್ಕದಲ್ಲೂ ಸಾವಯವ ಅಂಶ ತುಂಬಿದ ಜೇಡಿಗಲ್ಲು ಹೊದ್ದುಕೊಂಡಿದೆ. ಆ ಜೇಡಿಗಲ್ಲು ಆಳದಲ್ಲಿ ಬೆಂದು, ಅದರ ಎಣ್ಣೆ ಪಕ್ಕದ ಬಿರುಕುಗಳಿಗೆ ನುಗ್ಗಿತು. ನಮ್ಮಲ್ಲೇ ಮುಂಬೈ ಹೈ ಕ್ಷೇತ್ರ ಮತ್ತು ಕಾವೇರಿ ಬೇಸಿನ್‌ನ (ಪದರಪದರ ಕಲ್ಲು ತುಂಬಿದ ತಗ್ಗಿನ) ಅಡಿಬಂಡೆಯಲ್ಲೂ ಎಣ್ಣೆ ಸಿಕ್ಕಿದೆ, ಅದೇ ಕಾರಣಕ್ಕೆ.

ಎಣ್ಣೆ ಹುಟ್ಟಲು ಸಾವಯವ ಅಂಶವಿರುವ ಜಲಜಶಿಲೆ, ಅಂದರೆ ನೀರಿನಡಿ ಮಣ್ಣು-ಮರಳು ಪದರವಾಗಿ ಕೂತು ಗಟ್ಟಿಯಾದ ಕಲ್ಲು ಬೇಕು. ಅದು ಸರಿಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಪ್ರತಿ ಕಿಲೋಮೀಟರಿಗೆ 25–30 ಡಿಗ್ರಿ ಏರುತ್ತದೆ ಎಂದುಕೊಂಡರೆ ಆಳ ಒಂದೂವರೆಯಿಂದ ನಾಲ್ಕು ಕಿಲೋಮೀಟರ್. ರಾಯಚೂರು, ಕೊಪ್ಪಳ, ಬಳ್ಳಾರಿಯ ನೆಲ ಧಾರವಾಡ ಕ್ರೇಟಾನ್ ಎಂಬ ಪುರಾತನ ಗಟ್ಟಿ ಭೂಭಾಗದ್ದು. 250 ಕೋಟಿ ವರ್ಷಕ್ಕೂ ಹಳೆಯ ನೈಸ್ ಮತ್ತು ಗ್ರಾನೈಟ್, ನಡುವೆ ಸಂಡೂರು, ಹಟ್ಟಿ–ಮಸ್ಕಿಯ ಶಿಸ್ಟ್ ಪಟ್ಟಿಗಳು. ಅದರ ಮೇಲೆ ಕೂತಿರುವುದು ಎರೆ ಅಥವಾ ಮಸಾರಿ ಮಣ್ಣು, ಅಷ್ಟೇ. ಉತ್ತರಕ್ಕೆ ಹೋದರೆ ಭೀಮಾ ಬೇಸಿನ್, ಶಹಾಬಾದ್ ಕಲ್ಲಿನ ನಾಡು, ಜಲಜಶಿಲೆಯದೇ. ಆದರೆ ಅಲ್ಲಿ ಪದರಗಳ ದಪ್ಪ ಕೆಲವು ನೂರು ಮೀಟರ್ ಮಾತ್ರ. ದೇಶದ 26 ಜಲಜಶಿಲಾ ಬೇಸಿನ್‌ಗಳ ಪಟ್ಟಿಯಲ್ಲಿ ಭೀಮಾ–ಕಲಾದಗಿಗೆ ಕೊನೆಯ ದರ್ಜೆ.

ಕರ್ನಾಟಕದ ಗಟ್ಟಿಬಂಡೆಯಲ್ಲೂ ಕಚ್ಚಾ ತೈಲ ಇದೆ, ಹಡಗಿನಲ್ಲಿ ತಂದು ತುಂಬಿದ್ದು. ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ.

ಭೂಮಿಯೊಳಗೆ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುತ್ತಾರೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಪ್ರತಿಧ್ವನಿಯಿಂದ ಆಳ ಎಷ್ಟೆಂದು ಹೇಗೆ ತಿಳಿಯುತ್ತದೆ? ಇಷ್ಟೆಲ್ಲ ಮಾಡಿದರೂ ಎಣ್ಣೆ ಸಿಗದ ಒಣ ಬಾವಿ ಏಕೆ ಬೀಳುತ್ತದೆ? — ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ಸಿಂಧನೂರು

ಮೇಡಂ, ಸೈಸ್ಮಿಕ್ ಅಳೆಯುವುದು ಕಾಲವನ್ನು, ಆಳವನ್ನಲ್ಲ. ಅಲೆ ಇಳಿದು ಮರಳಲು ಎರಡು ಸೆಕೆಂಡು ಹಿಡಿದರೆ ಒಂದು ದಾರಿಗೆ ಒಂದು ಸೆಕೆಂಡು. ಸರಾಸರಿ ವೇಗ ಸೆಕೆಂಡಿಗೆ 3,000 ಮೀಟರ್ ಇದ್ದರೆ ಆಳ 3,000 ಮೀಟರ್. ವೇಗವನ್ನು ಶೇ. 5ರಷ್ಟು ತಪ್ಪಾಗಿ, 3,150 ಎಂದು ಹಿಡಿದಿರೋ, ಪದರ 150 ಮೀಟರ್ ಕೆಳಗೆ ಹೋಗಿ ಕೂರುತ್ತದೆ. ಎಣ್ಣೆ ಸಿಕ್ಕಿಕೊಂಡಿರಬಹುದೆಂದು ನೀವು ಕೊರೆಯಹೊರಟ, ಗುಮ್ಮಟದಂತೆ ಬಾಗಿದ ಪದರದ ಎತ್ತರವೇ 40 ಮೀಟರ್ ಇರಬಹುದು.

ಭೂಮಿಯ ಮೇಲಿನ ಸಮೀಕ್ಷೆಯಲ್ಲಿ ಸ್ಫೋಟಕವನ್ನು ಸಡಿಲ ಮಣ್ಣಿನ ಕೆಳಗೆ, ಗುಂಡಿ ಕೊರೆದು ಇಡುತ್ತಾರೆ. ಇಲ್ಲವೇ ನೆಲಕ್ಕೆ ತಟ್ಟೆ ಒತ್ತಿ ನಡುಗಿಸುವ ವೈಬ್ರೊಸೈಸ್ ಲಾರಿ ಬಳಸುತ್ತಾರೆ. ಮೇಲಿನ ಶಿಥಿಲ ಪದರದಲ್ಲಿ ಅಲೆ ಸೆಕೆಂಡಿಗೆ 300–800 ಮೀಟರ್ ಮಾತ್ರ ಓಡುತ್ತದೆ. ಅದರ ದಪ್ಪ ಜಾಗಜಾಗಕ್ಕೆ ಬದಲಾದರೆ ಕೆಳಗಿನ ಸಮತಟ್ಟಾದ ಪದರವೂ ಏರಿಳಿದ ಹಾಗೆ ಕಾಣುತ್ತದೆ. ಆದ್ದರಿಂದ ಮೊದಲು ಆಳವಿಲ್ಲದ ಗುಂಡಿಗಳಲ್ಲಿ ಅಳೆದು ಆ ತಪ್ಪನ್ನು ಕಳೆಯಬೇಕು. ಒಂದೇ ಬಿಂದುವಿನಿಂದ ಹಲವು ಸಲ ಪ್ರತಿಧ್ವನಿ ಹಿಡಿದು ಕೂಡಿಸುವುದೂ ಮುಖ್ಯ. 240 ಜಿಯೋಫೋನ್ ಗ್ರಾಹಕಗಳು 25 ಮೀಟರಿಗೊಂದರಂತೆ, ಸ್ಫೋಟ 50 ಮೀಟರಿಗೊಂದು ಎಂದಾದರೆ ಪ್ರತಿ ಬಿಂದುವಿಗೂ 60 ಪ್ರತಿಧ್ವನಿ. 60ರ ವರ್ಗಮೂಲ ಸುಮಾರು 7.7, ಗದ್ದಲಕ್ಕೆ ಹೋಲಿಸಿದರೆ ಸಂಕೇತ ಅಷ್ಟು ಪಟ್ಟು ಮೇಲೇಳುತ್ತದೆ.

ಇಷ್ಟಾದರೂ ಚಿತ್ರ ಮಂಜುಮಂಜೇ. 30 ಹರ್ಟ್ಸ್ ಅಲೆ 3,000 ಮೀಟರ್ ವೇಗದಲ್ಲಿ ಓಡಿದರೆ ಅದರ ಉದ್ದ 100 ಮೀಟರ್. ಪದರದ ಮೇಲ್ಮೈ ಬೇರೆ, ತಳ ಬೇರೆ ಎಂದು ಕಾಣಲು ಅದರ ಕಾಲುಭಾಗ, ಅಂದರೆ 25 ಮೀಟರ್ ದಪ್ಪವಾದರೂ ಬೇಕು. ಹತ್ತು ಮೀಟರ್ ಮರಳುಗಲ್ಲಿನಲ್ಲಿ ಒಳ್ಳೆಯ ಎಣ್ಣೆ ಇದ್ದರೂ ಅದು ಬರೀ ಒಂದು ಗೀರು.

ಒಣ ಬಾವಿಗೆ ಕಾರಣ ಹಲವು. ಕೆಲವು ಮೋಸಗಳು ಹೆಸರು ಪಡೆದಿವೆ. ಮೇಲೆಲ್ಲೋ 200 ಮೀಟರ್ ದಪ್ಪದ ಸುಣ್ಣಕಲ್ಲಿನ ಗಡ್ಡೆ ಇದೆ, ವೇಗ 5,000. ಸುತ್ತ ಜೇಡಿಗಲ್ಲು, ವೇಗ 2,500. ಗಡ್ಡೆಯ ಮೂಲಕ ಹೋಗಿ ಬಂದ ಅಲೆಗೆ 80 ಮಿಲಿಸೆಕೆಂಡು, ಪಕ್ಕದ ಅಲೆಗೆ 160. ಕೆಳಗಿನ ಮಟ್ಟಸ ಪದರ ಗಡ್ಡೆಯ ನೇರಕ್ಕೆ 100 ಮೀಟರ್ ಎತ್ತರದ ಗುಮ್ಮಟವಾಗಿ ಕಾಣುತ್ತದೆ. ಆಸೆಗೆ ಬಿದ್ದು ಕೊರೆದರೆ ಸಿಗುವುದು ಉಪ್ಪುನೀರು. ಇನ್ನೊಂದು, ‘ಬ್ರೈಟ್ ಸ್ಪಾಟ್’, ಫಕ್ಕನೆ ಹೊಳೆಯುವ ಪ್ರತಿಧ್ವನಿ. ಅನಿಲ ತುಂಬಿದ ಮರಳು ಹೊಳೆಯುವುದು ನಿಜ. ಆದರೆ ರಂಧ್ರಗಳಲ್ಲಿ ಶೇ. 10ರಷ್ಟೇ ಅನಿಲವಿದ್ದರೂ ಅಲೆಯ ವೇಗ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ, ಅಷ್ಟೇ ಹೊಳೆಯುತ್ತದೆ. ಕಲ್ಲಿದ್ದಲಿನ ಪದರವೂ ಹೊಳೆಯುತ್ತದೆ. ಹೊಳಪೊಂದನ್ನೇ ನಂಬಿ ಬಾವಿ ತೋಡಿದವರಿಗೆ ಲೆಕ್ಕವಿಲ್ಲ. ಗುಮ್ಮಟದೊಳಗೆ ಅನಿಲ–ನೀರಿನ ಗಡಿಯ ಹಾಗೆ ಒಂದು ಸಪಾಟು ಗೆರೆಯೂ ಕಂಡರೆ, ಆ ಗೆರೆ ಗುಮ್ಮಟದ ಅಂಚಿಗೆ ಸರಿಯಾಗಿ ಕೂತರೆ, ಆಗ ಸ್ವಲ್ಪ ಧೈರ್ಯ ಮಾಡಬಹುದು.

ಅಭ್ಯಾಸಕ್ಕೆ ಕೊಟ್ಟ ಲಾಗ್‌ನಲ್ಲಿ ಒಂದು ಮರಳುಗಲ್ಲಿನ ಪದರ: ಗಾಮಾ (ಸಹಜ ವಿಕಿರಣ) 45, ಡೆನ್ಸಿಟಿ (ಸಾಂದ್ರತೆ) 2.32, ರೆಸಿಸ್ಟಿವಿಟಿ (ವಿದ್ಯುತ್ತಿಗೆ ಒಡ್ಡುವ ಅಡ್ಡಿ) 10 ಓಮ್-ಮೀಟರ್. ನೀರಿನ ರೆಸಿಸ್ಟಿವಿಟಿ 0.1 ಎಂದು ಪ್ರಶ್ನೆಯಲ್ಲೇ ಇತ್ತು, ಪಕ್ಕದಲ್ಲಿ ‘30 ಡಿಗ್ರಿ’ ಎಂದೂ ಇತ್ತು. ಪದರದ ಉಷ್ಣತೆ 80 ಡಿಗ್ರಿ. ಕಲ್ಲಿನ ರಂಧ್ರಗಳಲ್ಲಿ ನೀರಿನ ಪಾಲು ನನಗೆ ಶೇ. 50 ಬಂತು, ಗೆಳತಿಗೆ ಶೇ. 35. ಯಾರದು ಸರಿ? — ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ

ಗೆಳತಿಯದು. ನಿಮ್ಮ ಗುಣಾಕಾರ ಸರಿಯಾಗಿದೆ, ಆದರೆ ‘30 ಡಿಗ್ರಿ’ಯನ್ನು ನೋಡಿ ದಾಟಿಬಿಟ್ಟಿರಿ.

ಮೊದಲಿಂದ ಮಾಡೋಣ. ಕಲ್ಲಿನ ಕಣಗಳ ಸಾಂದ್ರತೆ 2.65, ದ್ರವದ್ದು 1.0. ರಂಧ್ರತೆ (ಕಲ್ಲಿನಲ್ಲಿ ರಂಧ್ರಗಳ ಪಾಲು) ಎಂದರೆ 2.65ರಿಂದ 2.32 ಕಳೆದು 1.65ರಿಂದ ಭಾಗಿಸಿ: 0.20. ಇನ್ನು ತೈಲ ಎಂಜಿನಿಯರ್ ಆರ್ಚಿ 1942ರಲ್ಲಿ ಕೊಟ್ಟ ಸೂತ್ರ. ಸರಳ ರೂಪದಲ್ಲಿ, ರಂಧ್ರತೆಯ ವರ್ಗದಿಂದ ನೀರಿನ ರೆಸಿಸ್ಟಿವಿಟಿಯನ್ನು ಭಾಗಿಸಿದರೆ, ಪದರ ಪೂರ್ತಿ ನೀರಿನದೇ ಆಗಿದ್ದರೆ ಎಷ್ಟು ತೋರಿಸಬೇಕಿತ್ತೋ ಅದು ಸಿಗುತ್ತದೆ. ಅದನ್ನು ಅಳೆದ ರೆಸಿಸ್ಟಿವಿಟಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ನೀರಿನ ಪಾಲು.

ಉಪ್ಪುನೀರು ಬಿಸಿಯಾದಷ್ಟೂ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ. 30 ಡಿಗ್ರಿಯ 0.1ನ್ನು 80 ಡಿಗ್ರಿಗೆ ತರಲು ಎರಡೂ ಉಷ್ಣತೆಗೆ 21.5 ಕೂಡಿಸಿ ಅನುಪಾತ ಹಾಕಿ: 51.5 ಭಾಗ 101.5, ಗುಣಿಲೆ 0.1. ಬಂದದ್ದು 0.05. ಅದನ್ನು ರಂಧ್ರತೆಯ ವರ್ಗ 0.04ರಿಂದ ಭಾಗಿಸಿದರೆ 1.25, ಅದು ಭಾಗ 10, ವರ್ಗಮೂಲ, 0.35. ನೀವು 0.1ನ್ನೇ ಇಟ್ಟಿದ್ದಕ್ಕೆ 2.5 ಆಗಿ, ಕೊನೆಗೆ 0.50 ಬಂತು. ಶೇ. 15ರಷ್ಟು ಎಣ್ಣೆ ನಿಮ್ಮ ನೋಟ್‌ಬುಕ್‌ನಲ್ಲೇ ಸೋರಿಹೋಯಿತು.

ಪ್ರಶ್ನೆಪತ್ರಿಕೆ ನೀರಿನ ರೆಸಿಸ್ಟಿವಿಟಿಯನ್ನು ಕೊಡುತ್ತದೆ, ಬಾವಿ ಕೊಡುವುದಿಲ್ಲ. ಅದೇ ಬಾವಿಯಲ್ಲಿ ಕೆಳಗೆ ಖಂಡಿತ ನೀರಿರುವ ಶುದ್ಧ ಮರಳುಗಲ್ಲನ್ನು ಹುಡುಕಬೇಕು. ಅಲ್ಲಿ ರಂಧ್ರತೆ 0.25, ರೆಸಿಸ್ಟಿವಿಟಿ 0.8 ಇದ್ದರೆ, 0.8 ಗುಣಿಲೆ 0.0625, ಅಂದರೆ 0.05. ಉತ್ತರ ಹೊಂದಿತು. ಹೊಂದದಿದ್ದರೆ ಎರಡು ಪದರಗಳ ನೀರು ಬೇರೆ ಬೇರೆ ಎಂದರ್ಥ, ಅಥವಾ ಕೆಳಗಿನದು ನೀವೆಂದುಕೊಂಡಷ್ಟು ಶುದ್ಧವಲ್ಲ.

ಈಗ ಗಾಮಾ. ಶುದ್ಧ ಮರಳಿಗೆ 25, ಪೂರ್ತಿ ಜೇಡಿಗಲ್ಲಿಗೆ 125 ಎಂದಾದರೆ 45 ಎಂಬುದು ಸೂಚ್ಯಂಕದಲ್ಲಿ ಶೇ. 20. ಅದನ್ನೇ ಜೇಡಿನ ಪ್ರಮಾಣ ಎಂದುಕೊಂಡರೆ ಹೆಚ್ಚಾಯಿತು. ಗಾಮಾದಿಂದ ಜೇಡಿನ ಪ್ರಮಾಣ ತೆಗೆಯಲು ಎಳೆಯ ಶಿಲೆಗಳಿಗಿರುವ ಲಾರಿಯೊನೊವ್ ಸೂತ್ರ ಹಾಕಿದರೆ ಶೇ. 6ರ ಹತ್ತಿರ ಇಳಿಯುತ್ತದೆ. ಈ ಪದರಕ್ಕೆ ಆರ್ಚಿ ಸಾಕು. ಜೇಡು ಹೆಚ್ಚಾದರೆ ಆರ್ಚಿ ನೀರನ್ನು ಜಾಸ್ತಿ ತೋರಿಸುತ್ತದೆ, ಏಕೆಂದರೆ ಜೇಡೂ ವಿದ್ಯುತ್ ಹರಿಸುತ್ತದೆ. ತೆಳು ಜೇಡಿನ ಎಳೆಗಳಿರುವ ಮರಳು 2–3 ಓಮ್-ಮೀಟರ್ ತೋರಿಸಿಯೂ ಎಣ್ಣೆ ಕೊಟ್ಟದ್ದುಂಟು.

ನಿಮ್ಮ ಪ್ರಶ್ನೆಯಲ್ಲಿಲ್ಲದ, ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕ್ಯಾಲಿಪರ್, ಅಂದರೆ ಬಾವಿಯ ಅಗಲದ ಅಳತೆ. ಎಂಟೂವರೆ ಇಂಚಿನ ಬಿಟ್‌ನಲ್ಲಿ ಕೊರೆದ ಬಾವಿ ಆ ಆಳದಲ್ಲಿ 11 ಇಂಚು ಅಗಲವಾಗಿದ್ದರೆ, ಡೆನ್ಸಿಟಿ ಉಪಕರಣದ ಪ್ಯಾಡ್ ಗೋಡೆಗೆ ತಾಗದೆ ನಡುವಿನ ಕೆಸರನ್ನೂ ಓದಿರುತ್ತದೆ. ನಿಜವಾದ 2.32ರ ಬದಲು 2.22 ಓದಿದರೆ ರಂಧ್ರತೆ 0.26, ನೀರು ಶೇ. 27. ಇಲ್ಲದ ರಂಧ್ರ, ಇಲ್ಲದ ಎಣ್ಣೆ. ಅಂಥ ಜಾಗದಲ್ಲಿ, ಕಲ್ಲಿನಲ್ಲಿ ಶಬ್ದ ಓಡುವ ಸಮಯವನ್ನು ಅಳೆಯುವ ಸೋನಿಕ್ ಲಾಗ್‌ನಿಂದ ರಂಧ್ರತೆ ತೆಗೆಯಿರಿ. ಡೆನ್ಸಿಟಿ ರಂಧ್ರತೆ ಮೇಲೇರಿ ಹೈಡ್ರೋಜನ್ ಅಳೆಯುವ ನ್ಯೂಟ್ರಾನ್ ಲಾಗ್‌ನ ರಂಧ್ರತೆ ಕೆಳಗಿಳಿದು ಎರಡು ಗೆರೆ ಅಡ್ಡ ಹಾಯ್ದರೆ, ಬಾವಿ ಚೆನ್ನಾಗಿದ್ದರೆ, ಅದು ಅನಿಲ.

ಲಾಗ್ ಒಂದರಲ್ಲೇ ತೀರ್ಪು ಬರೆಯುವಂತಿಲ್ಲ. ಬೇರೆ ಬೇರೆ ಆಳದಲ್ಲಿ ಒತ್ತಡ ಅಳೆದು ಗೆರೆ ಎಳೆದಾಗ ಅಡಿಗೆ 0.43 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಏರಿಕೆ ಬಂದರೆ ನೀರು, 0.35ರ ಆಸುಪಾಸು ಬಂದರೆ ಎಣ್ಣೆ, 0.1ರ ಹತ್ತಿರ ಬಂದರೆ ಅನಿಲ. ಇದನ್ನು ಸುಳ್ಳಾಗಿಸುವುದು ಕಷ್ಟ.

ನಮ್ಮ ಬೋರಿನಲ್ಲಿ ಲಾಗ್ ಮಾಡಿದಾಗ 3,000 ಓಮ್-ಮೀಟರ್ ಬಂತು, ಗಾಮಾ ಕೂಡ ಜಾಸ್ತಿ. ಎಣ್ಣೆಗೆ ರೆಸಿಸ್ಟಿವಿಟಿ ಹೆಚ್ಚು ಅಂತಾರಲ್ಲ? — ಬೋರ್‌ವೆಲ್ ಗುತ್ತಿಗೆದಾರರು, ಸಂಡೂರು

ನಿಮಗೆ ಸಿಕ್ಕಿದ್ದು ಬಿರುಕಿಲ್ಲದ ಗ್ರಾನೈಟ್. ನೀರಿಲ್ಲದ ಗಟ್ಟಿಕಲ್ಲು ವಿದ್ಯುತ್ತನ್ನು ಬಿಡುವುದೇ ಇಲ್ಲ, ಸಾವಿರಗಟ್ಟಲೆ ತೋರಿಸುತ್ತದೆ. ಗಾಮಾ ಏರಿದ್ದು ಜೇಡಿನಿಂದಲ್ಲ, ಗ್ರಾನೈಟಿನ ಪೊಟ್ಯಾಶ್ ಫೆಲ್ಡ್‌ಸ್ಪಾರ್‌ನಿಂದ. ರಂಧ್ರತೆಯೇ ಇಲ್ಲದ ಕಡೆ ರೆಸಿಸ್ಟಿವಿಟಿ ಎಷ್ಟಿದ್ದರೇನು? ನಿಮಗೆ ಬೇಕಾದ್ದು ಉಲ್ಟಾ: ಆ 3,000 ಯಾವ ಆಳದಲ್ಲಿ ಕೆಲವು ನೂರಕ್ಕೆ ಕುಸಿದಿದೆ ನೋಡಿ, ಅಲ್ಲಿ ಕ್ಯಾಲಿಪರೂ ಅಗಲವಾಗಿದ್ದರೆ ಅದೇ ನೀರಿನ ಬಿರುಕು.

ನೆದರ್ಲೆಂಡ್ಸ್‌ನ ಎಫ್3 ಎಂಬ ಸಮುದ್ರ ಬ್ಲಾಕ್‌ನ ಉಚಿತ ಸೈಸ್ಮಿಕ್, ಬಾವಿ ಡೇಟಾವನ್ನು ಓಪನ್‌ಡಿಟೆಕ್ಟ್ ತಂತ್ರಾಂಶದಲ್ಲಿ ಹಾಕಿಕೊಂಡು ಕಲಿಯುತ್ತಿದ್ದೇನೆ. ಬಾವಿಯಲ್ಲಿ ಗುರುತಿಸಿದ ಪದರ ಸೈಸ್ಮಿಕ್ ಅಲೆಯ ಮೇಲೆ ಕೂರುತ್ತಲೇ ಇಲ್ಲ. — ಎಂಜಿನಿಯರಿಂಗ್ ವಿದ್ಯಾರ್ಥಿ, ಕೊಪ್ಪಳ

ಬಾವಿ ಮೀಟರಿನಲ್ಲಿ ಮಾತಾಡುತ್ತದೆ, ಸೈಸ್ಮಿಕ್ ಮಿಲಿಸೆಕೆಂಡಿನಲ್ಲಿ. ನಡುವೆ ದುಭಾಷಿ ಸೋನಿಕ್ ಲಾಗ್. ಸೋನಿಕ್‌ನಿಂದ ವೇಗ, ಅದಕ್ಕೆ ಡೆನ್ಸಿಟಿ ಗುಣಿಸಿದರೆ ಇಂಪಿಡೆನ್ಸ್, ಅಕ್ಕಪಕ್ಕದ ಎರಡು ಇಂಪಿಡೆನ್ಸ್‌ಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಪ್ರತಿಫಲನ. ಅದಕ್ಕೆ ಒಂದು ಅಲೆಯಾಕಾರ ಸೇರಿಸಿದರೆ ಕೃತಕ ಸೈಸ್ಮಿಕ್. ಅದನ್ನು ನಿಜವಾದದ್ದರ ಪಕ್ಕ ಇಟ್ಟು ಹೋಲಿಸಬೇಕು.

ಎಷ್ಟು ತಪ್ಪಿದೆ ಎಂದು ಬರೆದಿಲ್ಲ. ಪೂರ್ತಿ ಅಸಂಬದ್ಧವಾಗಿದ್ದರೆ ಮೂಲಮಾನ ನೋಡಿ: ಸೋನಿಕ್ ಅಡಿಗೆ ಮೈಕ್ರೊಸೆಕೆಂಡಿನಲ್ಲಿದೆಯೋ ಮೀಟರಿಗೋ? ಬೆರೆಸಿದರೆ 3.28 ಪಟ್ಟು ತಪ್ಪು. ಲಾಗ್ ಅಂಕಿಗಳಿರುವ ಎಲ್‌ಎಎಸ್ ಫೈಲಿನಲ್ಲಿ ಓದು ಇಲ್ಲದ ಕಡೆ -999.25 ಎಂದು ತುಂಬಿರುತ್ತಾರೆ. ತಂತ್ರಾಂಶ ಅದನ್ನೂ ಅಳತೆ ಎಂದುಕೊಂಡರೆ ವೇಗವೇ ಕೆಟ್ಟುಹೋಗುತ್ತದೆ. ಎಲ್ಲ ಪದರಗಳೂ ಒಂದೇ ಸಮ ಎಂಟ್ಹತ್ತು ಮಿಲಿಸೆಕೆಂಡು ಜಾರಿದ್ದರೆ ಸೊನ್ನೆ ಎಲ್ಲಿಂದ ಎಣಿಸಿದ್ದೀರಿ ನೋಡಿ. ಬಾವಿಯ ಆಳ ರಿಗ್‌ನ ಕಟ್ಟೆಯಿಂದ, ಸೈಸ್ಮಿಕ್‌ನ ಕಾಲ ಸಮುದ್ರಮಟ್ಟದಿಂದ. ಕಟ್ಟೆ 12 ಮೀಟರ್ ಮೇಲಿದ್ದರೆ, 3,000ದ ವೇಗದಲ್ಲಿ 8 ಮಿಲಿಸೆಕೆಂಡು. ಮೇಲೆ ಸರಿಯಿದ್ದು ಕೆಳಗಿಳಿದಂತೆ ತಪ್ಪು ಹೆಚ್ಚಿದರೆ ಸೋನಿಕ್‌ನ ಗೊಂದಲ. ಚೆಕ್‌ಶಾಟ್ (ಬಾವಿಯ ಬೇರೆ ಬೇರೆ ಆಳಕ್ಕೆ ಅಲೆ ತಲುಪುವ ಕಾಲದ ನೇರ ಅಳತೆ) ಇದ್ದರೆ ಅದರಿಂದ ತಿದ್ದಿ. ಏರು ಇರಬೇಕಾದಲ್ಲಿ ಇಳಿತ ಬಂದಿದ್ದರೆ ಧ್ರುವತೆ ತಿರುಗಿದೆ.

ಚಿತ್ರ ಹೊಂದಲಿ ಎಂದು ಕೃತಕ ಸೈಸ್ಮಿಕ್ಕನ್ನು ಅಲ್ಲಿ ಎಳೆದು ಇಲ್ಲಿ ಒತ್ತಿ ಕೂರಿಸುವ ಗುಂಡಿ ಎಲ್ಲ ತಂತ್ರಾಂಶದಲ್ಲೂ ಇದೆ. ಒತ್ತಿದ ಮೇಲೆ ಬಂದ ವೇಗ ಯಾವ ಕಲ್ಲಿನದು ಎಂದು ಒಮ್ಮೆ ನೋಡಿ. ಜೇಡಿಗಲ್ಲಿಗೆ 6,000 ಬಂದಿದ್ದರೆ ನೀವು ಹೊಂದಿಸಿದ್ದು ಸುಳ್ಳನ್ನು.

ಕೊನೆಗೆ ‘ಇಷ್ಟು ಬ್ಯಾರೆಲ್ ಇದೆ’ ಎಂದು ಹೇಗೆ ಹೇಳುತ್ತಾರೆ? — ಓದುಗರು, ಸಿರುಗುಪ್ಪ

ಬಳ್ಳಾರಿಯ ವಿದ್ಯಾರ್ಥಿನಿಯ ಪದರವನ್ನೇ ತೆಗೆದುಕೊಳ್ಳಿ. ಸೈಸ್ಮಿಕ್ ನಕ್ಷೆಯಲ್ಲಿ ಅದು 4 ಚದರ ಕಿಲೋಮೀಟರ್ ಹಬ್ಬಿದೆ, ಲಾಗ್‌ನಲ್ಲಿ 10 ಮೀಟರ್ ದಪ್ಪ ಎಂದುಕೊಳ್ಳೋಣ. ಕಲ್ಲು 4 ಕೋಟಿ ಘನ ಮೀಟರ್. ರಂಧ್ರ ಅದರ ಶೇ. 20, ಅಂದರೆ 80 ಲಕ್ಷ. ಅದರಲ್ಲಿ ಎಣ್ಣೆ ಶೇ. 65, 52 ಲಕ್ಷ. ಆಳದಲ್ಲಿ ಅನಿಲ ಕರಗಿ ಉಬ್ಬಿದ ಎಣ್ಣೆ ಮೇಲೆ ಬಂದಾಗ ಕುಗ್ಗುತ್ತದೆ, 1.2ರಿಂದ ಭಾಗಿಸಿ: ಸುಮಾರು 43 ಲಕ್ಷ ಘನ ಮೀಟರ್, 2.7 ಕೋಟಿ ಬ್ಯಾರೆಲ್. ಎಲ್ಲವೂ ಮೇಲೆ ಬರುವುದಿಲ್ಲ, ಶೇ. 30 ಬಂದರೆ 80 ಲಕ್ಷ ಬ್ಯಾರೆಲ್ ಚಿಲ್ಲರೆ. ನೀರು ಶೇ. 50 ಎಂದು ಹಿಡಿದಿದ್ದರೆ 62–63 ಲಕ್ಷವಷ್ಟೇ.

ಇದು ಬಾವಿ ತೋಡಿ ಸಿಕ್ಕ ಮೇಲಿನ ಲೆಕ್ಕ. ತೋಡುವ ಮೊದಲು ಸಾಧ್ಯತೆಗಳನ್ನು ಗುಣಿಸುತ್ತಾರೆ: ಎಣ್ಣೆ ಹುಟ್ಟಿಸಿದ ಮೂಲಶಿಲೆ 0.8, ಸಂಗ್ರಹಶಿಲೆ 0.7, ಗುಮ್ಮಟ 0.6, ಮೇಲಿನ ಮುಚ್ಚಳ 0.7 ಎಂದರೆ ಒಟ್ಟು 0.235. ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಪ್ರತಿಯೊಂದೂ ಚೆನ್ನಾಗಿಯೇ ಕಾಣುತ್ತದೆ, ಗುಣಿಸಿದರೆ ಮಾತ್ರ ಬಣ್ಣ ಬಯಲು. ಕುಷ್ಟಗಿಯ ಹೊಲಕ್ಕೆ ಇದೇ ಪಟ್ಟಿ ಹಾಕಿದರೆ ಮೊದಲ ಸಂಖ್ಯೆಯೇ ಸೊನ್ನೆ.

ನಮ್ಮ ದೇಶದ ಸೈಸ್ಮಿಕ್, ಲಾಗ್ ಡೇಟಾ ಎಲ್ಲಿರುತ್ತದೆ? — ವಿದ್ಯಾರ್ಥಿ, ಲಿಂಗಸುಗೂರು

ನೋಯ್ಡಾದ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದಡಿ 2017ರಲ್ಲಿ ಶುರುವಾದ ನ್ಯಾಷನಲ್ ಡೇಟಾ ರೆಪಾಸಿಟರಿಯಲ್ಲಿ. ಯಾವ ಬೇಸಿನ್‌ನಲ್ಲಿ ಏನೇನಿದೆ ಎಂಬ ವಿವರ ಅಲ್ಲಿದೆ. ನೇರವಾಗಿ ಕೈ ಹಾಕಿ ಕಲಿಯಲು ಮಾತ್ರ ಮೇಲೆ ಹೇಳಿದ ಎಫ್3, ಅಥವಾ 2018ರಲ್ಲಿ ಈಕ್ವಿನಾರ್ ಎಂಬ ತೈಲ ಕಂಪನಿ ಬಿಟ್ಟುಕೊಟ್ಟ ನಾರ್ವೆಯ ವೋಲ್ವೆ ತೈಲಕ್ಷೇತ್ರದ ಡೇಟಾ ಸುಲಭ. ವೋಲ್ವೆಯ ಪೂರ್ತಿ ಕಟ್ಟು ದೊಡ್ಡದು. ಮೊದಲು ಲಾಗ್ ಫೈಲ್‌ಗಳನ್ನಷ್ಟೇ ಇಳಿಸಿಕೊಳ್ಳಿ.